ವಾಹನ ಆರೋಗ್ಯ ಪ್ರಶ್ನೋತ್ತರ: ಏರ್ ಫ್ಲೋ ಸೆನ್ಸರ್ ಬದಲಿಸುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಿಡಿಭಾಗದ ಬಗ್ಗೆ. ಗ್ಯಾರೇಜುಗಳಲ್ಲಿ ‘ಏರ್ ಫ್ಲೋ ಸೆನ್ಸರ್’ ಅಥವಾ ‘ಎಂಎಎಫ್’ ಎನ್ನುತ್ತಾರಲ್ಲ, ಅದೇ ಮಾಸ್ ಏರ್ ಫ್ಲೋ ಸೆನ್ಸರ್. ಏರ್ ಫಿಲ್ಟರ್ ಪೆಟ್ಟಿಗೆಯನ್ನು ದಾಟಿದ ಕೂಡಲೇ ಸಿಗುವ ಕೊಳವೆಯಲ್ಲಿ, ಎರಡು ಸ್ಕ್ರೂಗಳ ಆಸರೆಯಲ್ಲಿ ಕೂತಿರುವ ಪುಟ್ಟ ವಸ್ತು. ದುಬಾರಿ. ಮಾಡದ ತಪ್ಪಿಗೆ ಇದರಷ್ಟು ಬೈಸಿಕೊಳ್ಳುವ ಭಾಗ ಎಂಜಿನ್ನಿನಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ದಾವಣಗೆರೆಯ ಓದುಗರೊಬ್ಬರದು 1.5 ಲೀಟರಿನ ಡೀಸೆಲ್ ಕಾರು. ಎರಡು ತಿಂಗಳಿಂದ ಪಿಕಪ್ ಇಲ್ಲ, ಏರು ಹತ್ತುವಾಗ ಕಪ್ಪು ಹೊಗೆ ಬರುತ್ತದೆ. ಮೆಕ್ಯಾನಿಕ್ ನೋಡಿದವನೇ ‘ಏರ್ ಫ್ಲೋ ಸೆನ್ಸರ್ ಹೋಗಿದೆ, ಹಾಕಿಸಿಬಿಡಿ’ ಎಂದಿದ್ದಾನೆ. ಹಾಕಿಸಬಹುದೇ?

ಉತ್ತರ: ಈಗಲೇ ಬೇಡ. ಮೊದಲು ಸ್ಕ್ಯಾನ್ ಆಗಲಿ. ಒಬಿಡಿ-2 ವ್ಯವಸ್ಥೆ ಇರುವ ಕಾರಿನಲ್ಲಿ ಸ್ಟಿಯರಿಂಗ್ ಕೆಳಗಡೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿಗೆ ಸ್ಕ್ಯಾನರ್ ಚುಚ್ಚಿದರೆ ಕೋಡ್ ಸಿಗುತ್ತದೆ. ಪಿ0102 ಎಂದು ಬಂದರೆ ಸೆನ್ಸರಿನ ಸಿಗ್ನಲ್ ತೀರಾ ಕಡಿಮೆ ಇದೆ ಎಂದರ್ಥ. ಆಗ ಮೊದಲು ನೋಡಬೇಕಾದ್ದು ವೈರು ಮತ್ತು ಕನೆಕ್ಟರ್. ಪಿ0101 ಬಂದರೆ ಸೆನ್ಸರ್ ಹೇಳುತ್ತಿರುವ ಅಂಕಿ ಕಂಪ್ಯೂಟರಿನ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಎಂದರ್ಥ. ಎಡವಟ್ಟಾಗುವುದು ಇಲ್ಲೇ. ತಾಳೆಯಾಗದಿರಲು ಸೆನ್ಸರೇ ಕೆಟ್ಟಿರಬೇಕಿಲ್ಲ. ಜ್ವರ ಬಂದಾಗ ಥರ್ಮಾಮೀಟರನ್ನು ಯಾರೂ ಬದಲಿಸುವುದಿಲ್ಲ.

ಕಪ್ಪು ಹೊಗೆ ಎಂದರೆ ಸುರಿದ ಡೀಸೆಲ್ಲಿಗೆ ಸಾಲುವಷ್ಟು ಗಾಳಿ ಸಿಲಿಂಡರಿಗೆ ಹೋಗುತ್ತಿಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೆ, ಸೆನ್ಸರ್ ಅಳೆದು ಕೊಟ್ಟ ಗಾಳಿಯೇ ದಾರಿಯಲ್ಲಿ ಸೋರಿಹೋಗುತ್ತದೆ. ಕ್ಲಾಂಪ್ ಬಳಿ ಎಣ್ಣೆಯ ಒದ್ದೆ ಕಂಡರೆ ಅನುಮಾನ ಗಟ್ಟಿ. ಇನ್ನೊಂದು ಕಾರಣ ಇಜಿಆರ್ ವಾಲ್ವ್. ಅದು ಮಸಿ ಕಟ್ಟಿ ತೆರೆದೇ ಉಳಿದರೆ ಎಂಜಿನ್ ತನ್ನ ಹೊಗೆಯನ್ನೇ ಮತ್ತೆ ಒಳಗೆಳೆದುಕೊಂಡು, ಹೊರಗಿನ ಗಾಳಿಯನ್ನು ಕಡಿಮೆ ಸೇವಿಸುತ್ತದೆ. ಸೆನ್ಸರ್ ‘ಗಾಳಿ ಕಡಿಮೆ’ ಎನ್ನುತ್ತದೆ. ನಿಜವನ್ನೇ ಹೇಳುತ್ತದೆ, ಬೈಗುಳವೂ ಅದಕ್ಕೇ.

ಆದ್ದರಿಂದ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೋರಿಸಲು ಕೇಳಿ. ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಅದು ಪ್ರತಿ ಸ್ಟ್ರೋಕಿಗೆ ಇಷ್ಟು ಮಿಲಿಗ್ರಾಂ ಎಂದು ಬರುತ್ತದೆ. 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ 375 ಮಿಲಿಲೀಟರ್. ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಂಗಿಂತ ತುಸು ಹೆಚ್ಚು. ಹಾಗಾಗಿ ಇಜಿಆರ್ ಮುಚ್ಚಿದ್ದಾಗ ಐಡಲ್‌ನಲ್ಲಿ 400ರ ಆಸುಪಾಸು ಕಾಣಬೇಕು, ತೆರೆದಾಗ ಅಂಕಿ ಸ್ಪಷ್ಟವಾಗಿ ಇಳಿಯಬೇಕು. ಹೋಸ್ ಸರಿಯಿದ್ದು, ಇಜಿಆರ್ ಮುಚ್ಚಿದ್ದೂ ಅಂಕಿ ಏಳದಿದ್ದರೆ ಆಗ ಸೆನ್ಸರಿನ ಮೇಲೆ ಕೈಯಿಡಲಿ.

ಪ್ರಶ್ನೆ: ಅಷ್ಟು ಚಿಕ್ಕ ವಸ್ತು ಗಾಳಿಯನ್ನು ಹೇಗೆ ತೂಗುತ್ತದೆ ಎಂಬುದು ಶಿವಮೊಗ್ಗದ ಉಪನ್ಯಾಸಕಿಯೊಬ್ಬರ ಕುತೂಹಲ.

ಉತ್ತರ: ಅದರೊಳಗಿನ ಪ್ಲಾಟಿನಂ ತಂತಿಗೋ ತೆಳುಪದರಕ್ಕೋ ವಿದ್ಯುತ್ ಹರಿಸಿ, ಒಳಬರುವ ಗಾಳಿಗಿಂತ ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದರೆ ತಂತಿ ತಣಿಯುತ್ತದೆ. ಅದೇ ಬಿಸಿಯನ್ನು ಕಾಯ್ದುಕೊಳ್ಳಲು ಬೇಕಾದ ಕರೆಂಟೇ ಗಾಳಿಯ ಅಳತೆ. ಇದರಲ್ಲಿ ಸಿಗುವುದು ಗಾಳಿಯ ಗಾತ್ರವಲ್ಲ, ತೂಕ. ಮಂಗಳೂರಿಗಿಂತ 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ಸುಮಾರು ಐದನೇ ಒಂದು ಭಾಗದಷ್ಟು ತೆಳು. ಈ ಸೆನ್ಸರ್ ಆ ವ್ಯತ್ಯಾಸವನ್ನು ತಾನಾಗಿ ಹಿಡಿಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕಾದ್ದರಿಂದ ತೂಕದ ಲೆಕ್ಕ ತಪ್ಪುವಂತಿಲ್ಲ. ಜರ್ಮನಿಯ ಬಾಷ್ ಕಂಪನಿ 1970ರ ದಶಕದಲ್ಲಿ ಗಾಳಿ ತಳ್ಳಿದಾಗ ಸರಿಯುವ ರೆಕ್ಕೆಯಿಂದ ಅಳೆಯುತ್ತಿತ್ತು. ಬಿಸಿ ತಂತಿ ಬಂದದ್ದು 80ರ ದಶಕದ ಆರಂಭದ ಎಲ್‌ಎಚ್ ಜೆಟ್ರಾನಿಕ್ ವ್ಯವಸ್ಥೆಯೊಂದಿಗೆ. ಅದರಲ್ಲಿ ಎಂಜಿನ್ ಆರಿಸಿದ ಮೇಲೆ ತಂತಿ ಒಂದು ಕ್ಷಣ ಸುಮಾರು 1,000 ಡಿಗ್ರಿಗೆ ಕಾದು, ಮೆತ್ತಿದ ಕೊಳೆಯನ್ನು ಸುಟ್ಟುಕೊಳ್ಳುತ್ತಿತ್ತು.

ಪ್ರಶ್ನೆ: ಬೆಂಗಳೂರಿನ ಯುವಕರೊಬ್ಬರು ವಿಡಿಯೊ ನೋಡಿ ಸೆನ್ಸರ್ ಬಿಚ್ಚಿ, ಕಾರ್ಬುರೇಟರ್ ಕ್ಲೀನರ್ ಹೊಡೆದು, ಕಿವಿಗೆ ಹಾಕುವ ಬಡ್ಸ್‌ನಿಂದ ಒರೆಸಿದ್ದಾರೆ. ಕಾರು ಮೊದಲು ಚೆನ್ನಾಗಿಯೇ ಇತ್ತು, ಮೈಲೇಜ್ ಹೆಚ್ಚಲಿ ಎಂದು ಮಾಡಿದ್ದು. ಈಗ ಚೆಕ್ ಎಂಜಿನ್ ದೀಪ ಆರುತ್ತಿಲ್ಲ.

ಉತ್ತರ: ಚೆನ್ನಾಗಿದ್ದ ಕಾರಿನಲ್ಲಿ ಇದನ್ನು ಬಿಚ್ಚಲೇಬಾರದಿತ್ತು. ಸೆನ್ಸರ್ ತೊಳೆದರೆ ಮೈಲೇಜ್ ಏರುತ್ತದೆ ಎಂಬ ನಂಬಿಕೆ ಈಗ ಊರೆಲ್ಲ ಹಬ್ಬಿದೆ. ಕೊಳೆಯಿಂದ ಅಳತೆ ತಪ್ಪಿದ್ದರೆ ಮಾತ್ರ ತೊಳೆದು ಲಾಭ. ಸ್ವಚ್ಛವಾಗಿರುವುದನ್ನು ತೊಳೆದು ಸಿಗುವುದು ಏನೂ ಇಲ್ಲ, ಕಳೆದುಕೊಳ್ಳುವುದು ಸಾಕಷ್ಟಿದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ಅಸಿಟೋನ್, ಟಾಲೂಯಿನ್‌ನಂಥ ತೀಕ್ಷ್ಣ ದ್ರಾವಕಗಳಿರುತ್ತವೆ. ಅವು ಪ್ಲಾಸ್ಟಿಕ್ಕನ್ನೂ ಸೆನ್ಸರಿನ ಲೇಪವನ್ನೂ ತಿನ್ನುತ್ತವೆ. ಬಡ್ಸ್ ಇನ್ನೂ ಅಪಾಯ. ಕೂದಲಿಗಿಂತ ದಪ್ಪವಿಲ್ಲದ ತಂತಿ ಅದರ ಒಂದು ತಳ್ಳಿಗೆ ಕಿತ್ತುಹೋಗುತ್ತದೆ, ಹತ್ತಿಯ ಎಳೆ ಸಿಕ್ಕಿಕೊಂಡರೆ ಅಳತೆಯೇ ಸುಳ್ಳಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದೂ ಬೇಡ.

ತೊಳೆಯಲೇಬೇಕಾದಾಗ ಕ್ರಮ ಹೀಗೆ: ಎಂಜಿನ್ ತಣ್ಣಗಾಗಿರಲಿ, ಕೀ ತೆಗೆದಿರಲಿ, ಬಯಲಲ್ಲಿ ಮಾಡಿ, ಸುತ್ತ ಬೆಂಕಿ ಬೇಡ. ಏರ್ ಫ್ಲೋ ಸೆನ್ಸರಿಗೆಂದೇ ಮಾರುವ ಸ್ಪ್ರೇ ಮಾತ್ರ ಬಳಸಿ. ಅದು ಕಲೆ ಉಳಿಸದೆ ಆವಿಯಾಗುತ್ತದೆ. ನಾಲ್ಕು ಬೆರಳು ದೂರದಿಂದ ಹತ್ತು ಸಲ ಸಣ್ಣಗೆ ಸಿಂಪಡಿಸಿ, ಯಾವುದನ್ನೂ ಮುಟ್ಟದೆ ಅರ್ಧ ಗಂಟೆ ಒಣಗಲು ಬಿಡಿ. ಕೂರಿಸುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ, ರಬ್ಬರ್ ಓ-ರಿಂಗ್ ಮಡಚದಿರಲಿ.

ಈ ಯುವಕರು ಗಾಬರಿಯಾಗುವುದು ಬೇಡ. ದೀಪ ಆರದಿರಲು ಸರಿಯಾಗಿ ಕೂರದ ಕನೆಕ್ಟರ್ ಅಥವಾ ಸಡಿಲ ಕ್ಲಾಂಪ್ ಕೂಡ ಕಾರಣವಾಗಬಹುದು. ಎರಡನ್ನೂ ನೋಡಿ, ಆಮೇಲೆ ಸ್ಕ್ಯಾನ್ ಮಾಡಿಸಲಿ.

ಪ್ರಶ್ನೆ: ಮೈಸೂರಿನ ನಿವೃತ್ತರೊಬ್ಬರು ತಮ್ಮ ಸಣ್ಣ ಪೆಟ್ರೋಲ್ ಕಾರಿನಲ್ಲಿ ಈ ಸೆನ್ಸರನ್ನು ಹುಡುಕಿ ಸುಸ್ತಾಗಿದ್ದಾರೆ.

ಉತ್ತರ: ಬಹುಶಃ ಇಲ್ಲವೇ ಇಲ್ಲ. ನಮ್ಮಲ್ಲಿನ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಿಂದ ಗಾಳಿಯ ಲೆಕ್ಕ ಹಾಕುತ್ತವೆ. ಸರ್ವಿಸ್ ಬಿಲ್ಲಿನಲ್ಲಿ ‘ಎಂಎಎಫ್ ಕ್ಲೀನಿಂಗ್’ ಎಂದು ಹಣ ಹಾಕಿದ್ದರೆ, ಎಲ್ಲಿದೆ ತೋರಿಸಿ ಎಂದು ಕೇಳಿ.

ಪ್ರಶ್ನೆ: ಸೆನ್ಸರಿನ ಪ್ಲಗ್ ಕಿತ್ತರೆ ಕಾರು ಚೆನ್ನಾಗಿ ಓಡುತ್ತದೆ, ಹಾಗೇ ಓಡಿಸಬಹುದೇ ಎಂದು ಹುಬ್ಬಳ್ಳಿಯ ಟ್ಯಾಕ್ಸಿ ಚಾಲಕರೊಬ್ಬರ ಪತ್ರ.

ಉತ್ತರ: ಖಂಡಿತ ಕೂಡದು. ಪ್ಲಗ್ ಕಿತ್ತಾಗ ಕಂಪ್ಯೂಟರ್ ಅಂದಾಜಿನ ಮೇಲೆ ಇಂಧನ ಸುರಿಸುತ್ತದೆ. ಅಂದಾಜೇ ಅಳತೆಗಿಂತ ಚೆನ್ನಾಗಿದೆ ಎಂದಾದರೆ ಸೆನ್ಸರಿನ ಮೇಲೆ ಅನುಮಾನ ಪಡಬೇಕು, ಅಷ್ಟೇ. ಅದು ಪರೀಕ್ಷೆಯ ಸುಳಿವು, ಚಿಕಿತ್ಸೆಯಲ್ಲ. ಹಾಗೇ ಓಡಿಸಿದರೆ ಮೈಲೇಜ್ ಹೋಗುತ್ತದೆ, ಹೊಗೆ ಕೆಡುತ್ತದೆ, ಕ್ಯಾಟಲಿಟಿಕ್ ಕನ್ವರ್ಟರಿಗೂ ಪೆಟ್ಟು. ದುಡಿಯುವ ಗಾಡಿ ಎಂಬ ಅವಸರ ಅರ್ಥವಾಗುತ್ತದೆ. ಆದರೂ ಅರ್ಧ ದಿನ ಗಾಡಿ ನಿಲ್ಲಿಸಿ ಸ್ಕ್ಯಾನ್ ಮಾಡಿಸುವುದು ಕನ್ವರ್ಟರ್ ಕೊಳ್ಳುವುದಕ್ಕಿಂತ ಅಗ್ಗ.

ಪ್ರಶ್ನೆ: ಚಿತ್ರದುರ್ಗದ ರೈತರೊಬ್ಬರ ಕಾರು ದಿನವೂ ಮಣ್ಣು ರಸ್ತೆಯಲ್ಲಿ ಓಡುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಕ್ಕಣೆ, ಹೊಟ್ಟಿನ ದೂಳು. ಸೆನ್ಸರ್ ಕಾಪಾಡುವುದು ಹೇಗೆ?

ಉತ್ತರ: ಏರ್ ಫಿಲ್ಟರನ್ನು ಕಾಪಾಡಿದರೆ ಸೆನ್ಸರ್ ಉಳಿಯುತ್ತದೆ. ಇಂಥ ರಸ್ತೆಯಲ್ಲಿ ಕೈಪಿಡಿಯ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಮೊದಲೇ ಫಿಲ್ಟರ್ ಬದಲಿಸಬೇಕು. ಗಾಳಿ ಹೊಡೆದು ಹೊಡೆದು ಹಳೆಯದನ್ನೇ ಹಾಕುವುದರಿಂದ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ಪೆಟ್ಟಿಗೆಯ ಕ್ಲಿಪ್ಪುಗಳೆಲ್ಲ ಬಿಗಿಯಾಗಿವೆಯೇ ನೋಡಿ. ಒಂದು ಕ್ಲಿಪ್ ಬಿಟ್ಟಿದ್ದರೂ ದೂಳು ಫಿಲ್ಟರನ್ನು ತಪ್ಪಿಸಿ ನೇರ ಸೆನ್ಸರಿಗೆ ಬಡಿಯುತ್ತದೆ. ತೊಳೆದು ಎಣ್ಣೆ ಸವರುವ ಹತ್ತಿಯ ಫಿಲ್ಟರ್ ಹಾಕಿದ್ದರೆ ಎಣ್ಣೆ ಕೈತಪ್ಪಿ ಹೆಚ್ಚಾಗದಿರಲಿ. ಹೆಚ್ಚಾದದ್ದು ಸೆನ್ಸರಿಗೆ ಅಂಟಿ, ಅದರ ಮೇಲೆ ದೂಳು ಕೂರುತ್ತದೆ. ತೋಟದ ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಬಾನೆಟ್ ತೆಗೆದು ನೋಡುವ ರೂಢಿ ಇಟ್ಟುಕೊಳ್ಳಿ. ಇಲಿ ಮೊದಲು ಕಡಿಯುವುದು ವೈರನ್ನು. ಫಿಲ್ಟರ್ ಪೆಟ್ಟಿಗೆಯೊಳಗೇ ಗೂಡು ಕಟ್ಟಿರುವುದೂ ಉಂಟು.

ಮುಂದಿನ ಸಲ ಬರೆಯುವವರು ಕಾರಿನ ಮಾಡೆಲ್ ವರ್ಷ, ಓಡಿದ ಕಿಲೋಮೀಟರ್, ಸ್ಕ್ಯಾನರಿನಲ್ಲಿ ಬಂದ ಕೋಡ್ ಇವಿಷ್ಟನ್ನು ದಯವಿಟ್ಟು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.