ಅಕಾರದ ದ್ರಾಕ್ಷಿಗಳು: ತಳಿಯ ಹೆಸರು, ಸೀಮೆಯ ಹೆಸರು, ಕ್ರಮದ ಹೆಸರು

ಬೇಲೂರು, ಹಳೇಬೀಡು ಮತ್ತು ಅರಸೀಕೆರೆ ಭಾಗದ ಹಿಡುವಳಿದಾರರ ಹಾಗೂ ಗ್ರಾಮದ ಮುಖಂಡರ ತಿಳಿವಳಿಕೆಗಾಗಿ

ದ್ರಾಕ್ಷಿಯ ತೋಟವನ್ನು ಹಾಕಬೇಕೆಂದು ಇಚ್ಛಿಸುವ ಹಿಡುವಳಿದಾರನಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದಾಗಿರುತ್ತದೆ. ಸಸಿ ಮಾರುವವರ ಪಟ್ಟಿಗಳಲ್ಲಿಯೂ, ದ್ರಾಕ್ಷಾರಸದ ಸೀಸೆಗಳ ಮೇಲಣ ಚೀಟಿಗಳಲ್ಲಿಯೂ, ಪೇಟೆಗೆ ಹೋಗಿಬಂದವರ ಮಾತಿನಲ್ಲಿಯೂ ಲೆಕ್ಕವಿಲ್ಲದಷ್ಟು ಹೆಸರುಗಳು ಕೇಳಿಬರುತ್ತವೆ. ವರ್ಣಮಾಲೆಯ ಮೊದಲನೆಯದಾದ ಅಕಾರವೊಂದನ್ನೇ ತೆಗೆದುಕೊಂಡರೂ ಅನಾಬ್-ಎ-ಶಾಹಿ, ಅರ್ಕಾವತಿ, ಅರ್ಕಾ ಹಂಸ, ಅರ್ಕಾ ತೃಷ್ಣಾ, ಅಲ್ಬಾರಿನ್ಯೊ, ಅಲ್ಸಾಸ್, ಅಮರೋನೆ, ಅಲಿಕಾಂತೆ ಎಂದು ಒಂದರ ಹಿಂದೊಂದು ಬರುತ್ತವೆ. ಇವುಗಳಲ್ಲಿ ಕೆಲವು ಬಳ್ಳಿಯ ಹೆಸರುಗಳು. ಒಂದು ದೇಶಭಾಗದ ಹೆಸರು. ಒಂದು ಕೇವಲ ತಯಾರಿಕೆಯ ಕ್ರಮದ ಹೆಸರು. ಮತ್ತೊಂದು ಊರಿನದೂ ಹೌದು, ಬಳ್ಳಿಯದೂ ಹೌದು. ಈ ಭೇದವನ್ನು ಅರಿಯದೆ ಹಣ ಕೊಟ್ಟವನು ತಾನು ಏನನ್ನು ನೆಟ್ಟೆನೆಂಬುದನ್ನು ಫಸಲು ಬಂದ ಮೇಲೆಯೇ ತಿಳಿಯಬೇಕಾಗುತ್ತದೆ.

ರಾಗಿಯ ಬಿತ್ತನೆಯಲ್ಲಿ ಬೀಜ ತಪ್ಪಿದರೆ ಮುಂದಿನ ಮುಂಗಾರಿಗೆ ತಿದ್ದಿಕೊಳ್ಳಬಹುದು. ದ್ರಾಕ್ಷಿಯ ವಿಷಯವು ಹಾಗಲ್ಲ. ಬಳ್ಳಿಯನ್ನು ನೆಟ್ಟಂದಿನಿಂದ ಮೊದಲ ಗೊಂಚಲನ್ನು ಕೊಯ್ಯುವವರೆಗೆ ಒಂದೂವರೆಯಿಂದ ಎರಡು ವರ್ಷಗಳು ಸಲ್ಲುತ್ತವೆ. ಅಷ್ಟರಲ್ಲಿ ಕಲ್ಲುಕಂಬ, ತಂತಿ, ಚಪ್ಪರ, ಹನಿ ನೀರಾವರಿಯ ಕೊಳವೆ, ಇವೆಲ್ಲದರ ವೆಚ್ಚವೂ ಆಗಿಹೋಗಿರುತ್ತದೆ. ಬಳ್ಳಿಯು ಹದಿನೈದು ವರ್ಷಕ್ಕೂ ಮಿಕ್ಕಿ ಬಾಳತಕ್ಕದ್ದಾದುದರಿಂದ ತಪ್ಪಾದ ತಳಿಯು ಅಷ್ಟು ಕಾಲವೂ ಜಮೀನಿನಲ್ಲಿಯೇ ನಿಂತಿರುತ್ತದೆ. ಇಲ್ಲವೇ ಸಾಲವು ತೀರುವ ಮೊದಲೇ ಅದನ್ನು ಕಿತ್ತುಹಾಕಬೇಕಾಗುತ್ತದೆ.

ಈ ಸೀಮೆಯ ಒಕ್ಕಲಿಗರಿಗೆ ಮೇಲೆ ಹೇಳಿದ ಭೇದವು ಹೊಸದೇನೂ ಅಲ್ಲ. ಅರೇಹಳ್ಳಿಯ ಕಡೆಯ ಕಾಫಿ ತೋಟದವರು ಇದನ್ನು ದಿನವೂ ಬಳಸುತ್ತಾರೆ. ಅರೇಬಿಕಾ ಎಂಬುದು ಗಿಡದ ಜಾತಿ, ಅದರೊಳಗೆ ಎಸ್. 795 ಎಂಬುದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಒಂದು ತಳಿ. ಬಾಬಾಬುಡನ್‌ಗಿರಿ ಎಂಬುದು ಬೆಳೆದ ಸ್ಥಳ. ಪಾರ್ಚ್‌ಮೆಂಟ್, ಚೆರ್ರಿ ಎಂಬುವು ಹಣ್ಣನ್ನು ತೊಳೆದು ಒಣಗಿಸಿದರೋ, ಹಾಗೆಯೇ ಒಣಗಿಸಿದರೋ ಎಂಬ ಕ್ರಮವನ್ನು ಹೇಳುವ ಮಾತುಗಳು. ಚೆರ್ರಿಯ ಸಸಿಯನ್ನು ಕೊಡಿರೆಂದು ಯಾವ ತೋಟಗಾರನೂ ಕೇಳುವುದಿಲ್ಲ. ಅರಸೀಕೆರೆಯ ತೋಟದ ಕಾಯಿಯು ತಿಪಟೂರಿನ ಮಾರುಕಟ್ಟೆಗೆ ಹೋದರೆ ತಿಪಟೂರು ಕೊಬ್ಬರಿಯೆಂದು ಮಾರಾಟವಾಗುವುದನ್ನೂ ಎಲ್ಲರೂ ಬಲ್ಲರು. ದ್ರಾಕ್ಷಿಯಲ್ಲಿಯೂ ಇದೇ ಮೂರು ಬಗೆಯ ಹೆಸರುಗಳಿವೆ. ಪರದೇಶದ ಮಾತುಗಳಾದುದರಿಂದ ಮಾತ್ರ ಅವು ಕಲಸಿಹೋಗಿ ಕಾಣುತ್ತವೆ.

ಮೊದಲು ಪರದೇಶದ ಅಕಾರಗಳನ್ನು ನೋಡಬಹುದು. ಅಲ್ಬಾರಿನ್ಯೊ ಎಂಬುದು ತಳಿಯ ಹೆಸರು. ಸ್ಪೇನ್ ದೇಶದ ವಾಯವ್ಯ ಮೂಲೆಯಾದ ಗಲೀಷಿಯಾದಲ್ಲಿ, ಅಟ್ಲಾಂಟಿಕ್ ಸಮುದ್ರದ ಮಳೆಯು ಯಥೇಚ್ಛವಾಗಿ ಬೀಳುವ ಕರಾವಳಿಯಲ್ಲಿ ಇದು ಬೆಳೆಯುತ್ತದೆ. ನೆರೆಯ ಪೋರ್ಚುಗಲ್ಲಿನಲ್ಲಿ ಇದೇ ಬಳ್ಳಿಗೆ ಅಲ್ವಾರಿನ್ಯೊ ಎನ್ನುತ್ತಾರೆ. ಸಿಪ್ಪೆಯು ದಪ್ಪನಾದ ಬಿಳಿಯ ಹಣ್ಣು. ಗಲೀಷಿಯಾದ ಬೇಸಾಯಗಾರರು ಕರಿಗಲ್ಲಿನ ಕಂಬಗಳನ್ನು ನೆಟ್ಟು ಆಳೆತ್ತರದ ಚಪ್ಪರವನ್ನು ಕಟ್ಟಿ ಬಳ್ಳಿಯನ್ನು ಅದರ ಮೇಲೆ ಹಬ್ಬಿಸುವರು. ನೆಲದ ತೇವವು ಗೊಂಚಲಿಗೆ ತಾಗದೆ ಕೆಳಗೆ ಗಾಳಿಯಾಡಬೇಕೆಂಬುದೇ ಉದ್ದೇಶ. ಕಲ್ಲುಕಂಬದ ಚಪ್ಪರವನ್ನು ಕಂಡ ನಮ್ಮವರಿಗೆ ಇದು ಪರಕೀಯವೆನಿಸಲಾರದು. ಆದರೆ ಮಳೆಯ ನಾಡಿನ ದ್ರಾಕ್ಷಿಯೆಂದಮಾತ್ರಕ್ಕೆ ಅದು ಮಲೆನಾಡಿನ ಅಂಚಿಗೆ ಒಗ್ಗುವುದೆಂದು ತಿಳಿಯತಕ್ಕದ್ದಲ್ಲ. ಗಲೀಷಿಯಾದಲ್ಲಿ ಚಳಿಗಾಲದಲ್ಲಿ ಬಳ್ಳಿಯು ಎಲೆಯುದುರಿಸಿ ಮಲಗುತ್ತದೆ. ಇಲ್ಲಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ.

ಅಲ್ಸಾಸ್ ಎಂಬ ಬಳ್ಳಿಯು ಲೋಕದಲ್ಲಿ ಎಲ್ಲಿಯೂ ಇಲ್ಲ. ಅದು ಫ್ರಾನ್ಸಿನ ಪೂರ್ವದಲ್ಲಿ ರೈನ್ ನದಿಯ ಪಶ್ಚಿಮ ದಡದ ಒಂದು ಸೀಮೆ. ಫ್ರಾನ್ಸಿನ ಬೇರೆ ಭಾಗಗಳ ಸೀಸೆಗಳ ಮೇಲೆ ಸಾಮಾನ್ಯವಾಗಿ ಊರಿನ ಹೆಸರಿರುತ್ತದೆ. ಅಲ್ಸಾಸಿನವರು ರೀಸ್ಲಿಂಗ್ ಮೊದಲಾದ ತಳಿಯ ಹೆಸರನ್ನೂ ಅಚ್ಚು ಮಾಡಿಸುವ ರೂಢಿಯುಳ್ಳವರು. ಈ ಸೀಮೆಯ ಪಡುವಣಕ್ಕೆ ವೋಜ್ ಎಂಬ ಬೆಟ್ಟದ ಸಾಲಿದ್ದು, ಪಶ್ಚಿಮದಿಂದ ಬರುವ ಮೋಡಗಳು ತಮ್ಮ ನೀರನ್ನು ಅಲ್ಲಿಯೇ ಸುರಿಸಿಬಿಡುವುವು. ಆದಕಾರಣ ಬೆಟ್ಟದ ಮರೆಯಲ್ಲಿರುವ ಕೋಲ್ಮಾರ್ ಪಟ್ಟಣವು ಫ್ರಾನ್ಸಿನ ಅತ್ಯಂತ ಕಡಮೆ ಮಳೆಯ ಪಟ್ಟಣಗಳಲ್ಲಿ ಒಂದಾಗಿದೆ. ಸಹ್ಯಾದ್ರಿಯ ಮರೆಯಲ್ಲಿರುವ ನಮ್ಮ ಸೀಮೆಗೂ ಇದೇ ನಿಯಮ. ಸಕಲೇಶಪುರದ ಘಟ್ಟದ ಮೇಲೆ ಸುರಿದ ಮಳೆಯು ಬೇಲೂರಿಗೆ ಬರುವಷ್ಟರಲ್ಲಿ ಕುಗ್ಗಿ, ಹಳೇಬೀಡಿನಲ್ಲಿ ಇನ್ನೂ ಕಡಮೆಯಾಗಿ, ಅರಸೀಕೆರೆಯಲ್ಲಿ ಬಯಲುಸೀಮೆಯೇ ಆಗಿಬಿಡುತ್ತದೆ. ದ್ರಾಕ್ಷಿಯನ್ನು ಎಲ್ಲಿ ಹಾಕಬೇಕೆಂಬುದನ್ನು ಬಹುಮಟ್ಟಿಗೆ ಈ ಒಂದು ಸಂಗತಿಯೇ ತೀರ್ಮಾನಿಸುತ್ತದೆ.

ಅಮರೋನೆ ಎಂಬುದು ತಳಿಯೂ ಅಲ್ಲ, ಊರೂ ಅಲ್ಲ. ಇಟಲಿಯ ವೆರೋನಾ ನಗರದ ಬಳಿಯ ವಾಲ್ಪೊಲಿಚೆಲ್ಲಾ ಎಂಬಲ್ಲಿ, ಮುಖ್ಯವಾಗಿ ಕೊರ್ವಿನಾ ಎಂಬ ತಳಿಯ ಹಣ್ಣನ್ನು ಕೊಯ್ದು, ಗಾಳಿಯಾಡುವ ಅಟ್ಟಗಳ ಮೇಲೆ ಮೂರು ನಾಲ್ಕು ತಿಂಗಳು ಹರವಿ, ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಬಾಡಿದ ಮೇಲೆ ಹಿಂಡಿ ಹುದುಗಿಸುವ ಕ್ರಮಕ್ಕೆ ಆ ಹೆಸರು. ಯಾರಾದರೂ ಅಮರೋನೆಯ ಸಸಿಯನ್ನು ಮಾರಲು ಬಂದರೆ ಅವನನ್ನು ಊರ ಬಾಗಿಲಿನಿಂದಲೇ ಹಿಂದಿರುಗಿಸಬಹುದು. ಅಲಿಕಾಂತೆಯಾದರೋ ಸ್ಪೇನಿನ ಒಂದು ಪಟ್ಟಣ ಹಾಗೂ ದ್ರಾಕ್ಷಿಯ ಸೀಮೆ. ಆದರೆ 1866 ರಲ್ಲಿ ಆನ್ರಿ ಬೂಷೆ ಎಂಬ ಫ್ರೆಂಚನು ಸಂಕರದಿಂದ ಪಡೆದ, ತಿರುಳೂ ಕೆಂಪಾಗಿರುವ ಒಂದು ಬಳ್ಳಿಗೆ ಅಲಿಕಾಂತ್ ಬೂಷೆ ಎಂದು ಹೆಸರು. ಒಂದೇ ಮಾತು ಎರಡು ವಸ್ತುಗಳಿಗೆ ಅಂಟಿಕೊಂಡಿರುವುದಕ್ಕೆ ಇದು ಸಾಕಾದ ಉದಾಹರಣೆ.

ಇನ್ನು ನಮ್ಮ ದೇಶದ ಅಕಾರಗಳು. ಇವುಗಳ ಬಗ್ಗೆಯೇ ಹೆಚ್ಚಿನ ಎಚ್ಚರಿಕೆ ಬೇಕು, ಏಕೆಂದರೆ ಸಸಿ ದೊರೆಯುವುದು ಇವುಗಳದೇ.

ಅನಾಬ್-ಎ-ಶಾಹಿ ಹೈದರಾಬಾದಿನ ಕಡೆಯಿಂದ ಪ್ರಸಿದ್ಧಿಗೆ ಬಂದ ಬಿಳಿಯ ದ್ರಾಕ್ಷಿ; ಹೆಸರಿನ ಅರ್ಥವೇ ಅರಸರ ದ್ರಾಕ್ಷಿ ಎಂದು. ಕಾಯಿ ದಪ್ಪ, ಬೀಜವುಂಟು, ಇಳುವರಿಯೂ ಅಧಿಕ. ಇದು ತಿನ್ನುವ ಹಣ್ಣು. ಬೆಂಗಳೂರಿನ ಕಡೆ ದಿಲ್‌ಖುಷ್ ಎಂದು ಮಾರಾಟವಾಗುವ ಉದ್ದಕಾಯಿಯ ದ್ರಾಕ್ಷಿಯು ಇದರಿಂದಲೇ ಆರಿಸಿ ತೆಗೆದ ಬಳ್ಳಿ. ಒದ್ದೆಯ ಹವೆಯಲ್ಲಿ ಅನಾಬ್-ಎ-ಶಾಹಿಗೆ ಬೂಜು ತುಪ್ಪಟ ರೋಗವು ಬೇಗನೆ ತಗಲುತ್ತದೆ.

ಹೆಸರಘಟ್ಟದಲ್ಲಿ 1967 ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತಾನು ಹೊರತಂದ ತಳಿಗಳಿಗೆಲ್ಲ ಅರ್ಕಾ ಎಂಬ ಪೂರ್ವಪದವನ್ನು ಸೇರಿಸುತ್ತದೆ. ಟೊಮೇಟೊವಿಗೂ ಅರ್ಕಾ, ಬೆಂಡೆಗೂ ಅರ್ಕಾ, ದ್ರಾಕ್ಷಿಗೂ ಅರ್ಕಾ. ಆದುದರಿಂದ ಅರ್ಕಾ ದ್ರಾಕ್ಷಿ ಎಂದಷ್ಟೇ ಕೇಳುವುದು, ಸಂತೆಗೆ ಹೋಗಿ ಒಳ್ಳೆಯ ಎತ್ತು ಬೇಕೆಂದು ಕೇಳಿದಂತೆಯೇ ಸರಿ. ಈ ಬಳಗದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಉಪಯೋಗದ ಬಳ್ಳಿಗಳಿವೆ. ಅರ್ಕಾವತಿಯು ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸೀಡ್‌ಲೆಸ್ ಎಂಬೆರಡರ ಸಂಕರ; ಬೀಜವಿಲ್ಲದ ಹಳದಿಹಸಿರು ಹಣ್ಣು; ಒಣದ್ರಾಕ್ಷಿಗೆ ಯೋಗ್ಯ. ಅದೇ ತಂದೆತಾಯಿಗಳಿಗೆ ಹುಟ್ಟಿದ ಅರ್ಕಾ ನೀಲಮಣಿ ಕಪ್ಪು ಹಣ್ಣು. ತಿನ್ನಲೂ ದ್ರಾಕ್ಷಾರಸಕ್ಕೂ ಸಲ್ಲುತ್ತದೆ. ಅರ್ಕಾ ಕೃಷ್ಣಾ ಎಂಬ ಮೂರನೆಯ ಒಡಹುಟ್ಟು ಹಣ್ಣಿನ ರಸಕ್ಕಾಗಿ ಇರುವುದು. ಒಂದೇ ಮನೆಯ ಮೂವರು ಮಕ್ಕಳು ಮೂರು ಕಸುಬು ಹಿಡಿದಂತೆ ಇದು ಆಗಿದೆ. ಅರ್ಕಾ ಶ್ವೇತಾ ತಿನ್ನುವ ಹಣ್ಣು. ಅರ್ಕಾ ಮೆಜೆಸ್ಟಿಕ್, ಅರ್ಕಾ ಚಿತ್ರಾ ಎಂಬುವೂ ತಿನ್ನಲೆಂದೇ ಇರುವುವು. ಇವೆರಡರ ಮೂಲದಲ್ಲಿಯೂ ಅಂಗೂರ್ ಕಲಾನ್ ಎಂಬ ಮತ್ತೊಂದು ಅಕಾರವಿದೆ.

ದ್ರಾಕ್ಷಾರಸಕ್ಕೆಂದು ಹೇಳಿರುವುವು ಬೇರೆ. ಅರ್ಕಾ ಸೋಮಾ ಬಿಳಿಯ ಸಿಹಿ ದ್ರಾಕ್ಷಾರಸಕ್ಕೆ ಒಪ್ಪುವ ಸುವಾಸನೆಯುಳ್ಳದ್ದು. ಅನಾಬ್-ಎ-ಶಾಹಿಗೂ ಕ್ವೀನ್ ಆಫ್ ದಿ ವೈನ್‌ಯಾರ್ಡ್ಸ್ ಎಂಬ ತಳಿಗೂ ಹುಟ್ಟಿದುದು. ಅದೇ ಜೋಡಿಯಿಂದ ಬಂದ ಅರ್ಕಾ ಕಾಂಚನವು ತಡವಾಗಿ ಮಾಗುತ್ತದೆ. ಅರ್ಕಾ ಹಂಸ, ಅರ್ಕಾ ಶ್ಯಾಮ, ಅರ್ಕಾ ತೃಷ್ಣಾ ಈ ಮೂರಕ್ಕೂ ಒಂದು ಕಡೆಯ ಮೂಲವು ಬೆಂಗಳೂರು ನೀಲಿಯಾಗಿದೆ. ಬೆಂಗಳೂರು ನೀಲಿಯು ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಹುಕಾಲದಿಂದ ಬೆಳೆದು 2013 ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬಳ್ಳಿ. ಅಮೆರಿಕದ ಕಾಡುದ್ರಾಕ್ಷಿಯ ರಕ್ತವುಳ್ಳದ್ದು. ಆದಕಾರಣವೇ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ, ಮತ್ತು ಆದಕಾರಣವೇ ಅದರ ರಸಕ್ಕೆ ಒಂದು ಗಡುಸಾದ ವಾಸನೆಯಿದೆ. ಈ ವಾಸನೆಯನ್ನು ತಗ್ಗಿಸಿ ಗಟ್ಟಿತನವನ್ನು ಉಳಿಸಿಕೊಳ್ಳಬೇಕೆಂಬುದೇ ಈ ಸಂಕರಗಳ ಹಿಂದಿನ ಯೋಚನೆ.

ಯೋಚನೆಯು ಒಳ್ಳೆಯದೇ. ಆದರೆ ಹಿಡುವಳಿದಾರನು ಕೇಳಬೇಕಾದುದು ಕೊಳ್ಳುವವನು ಯಾರೆಂಬುದನ್ನು. ನಮ್ಮ ದೇಶದ ದ್ರಾಕ್ಷಾರಸ ಕಾರ್ಖಾನೆಗಳು ಬಹುವಾಗಿ ಬಯಸುವುದು ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್, ಶೆನಿನ್ ಬ್ಲಾಂಕ್ ಮೊದಲಾದ ಫ್ರಾನ್ಸಿನ ತಳಿಗಳನ್ನು. ಇವುಗಳಲ್ಲಿ ಒಂದೂ ಅಕಾರದ್ದಲ್ಲ. ತಿನ್ನುವ ಹಣ್ಣನ್ನು ಅರಸೀಕೆರೆಯ ಸಂತೆಯಲ್ಲಿಯಾದರೂ ಮಾರಿ ಬರಬಹುದು; ದ್ರಾಕ್ಷಾರಸದ ಹಣ್ಣು ಚಿಕ್ಕದು, ಬೀಜದ್ದು, ಸಿಪ್ಪೆ ಹೆಚ್ಚು; ಅದನ್ನು ಕಾರ್ಖಾನೆಯು ಬೇಡವೆಂದರೆ ಮಕ್ಕಳೂ ತಿನ್ನುವುದಿಲ್ಲ. ಕೊಯ್ದ ಹಣ್ಣನ್ನು ಬೇಗನೆ ಹಿಂಡಬೇಕಾದುದರಿಂದ ಕಾರ್ಖಾನೆಯ ದೂರವೂ ಲೆಕ್ಕಕ್ಕೆ ಬರುತ್ತದೆ. ತಳಿಯ ಪೂರ್ಣ ಹೆಸರು, ಸಿಹಿಯ ಪ್ರಮಾಣ, ದರ, ಕೊಳ್ಳುವ ವರ್ಷಗಳು ಇವನ್ನು ಕಾಗದದಲ್ಲಿ ಬರೆಯಿಸಿಕೊಂಡ ಹೊರತು ದ್ರಾಕ್ಷಾರಸದ ಬಳ್ಳಿಯನ್ನು ನೆಡದಿರುವುದೇ ಲೇಸು.

ಭೂಮಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅರೇಹಳ್ಳಿಯ ಕಡೆಯ ಕಾಫಿಯ ನೆಲದಲ್ಲಿ ದ್ರಾಕ್ಷಿಯ ಮಾತೇ ಬೇಡ. ಬೇಲೂರಿನ ಸುತ್ತ ಅದು ಶ್ರಮದ ಬೆಳೆ. ಹಳೇಬೀಡಿನಿಂದ ಮೂಡಲಿಗೆ, ನೀರು ನಿಲ್ಲದ ಕೆಂಪು ಮಣ್ಣು ಇರುವಲ್ಲಿ, ಕೊಳವೆಬಾವಿಯ ನೀರು ಬೇಸಗೆಯಲ್ಲಿ ಬತ್ತದಿರುವುದಾದರೆ, ಅರ್ಧ ಎಕರೆಯಲ್ಲಿ ಪರೀಕ್ಷೆ ಮಾಡಬಹುದು. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುವುದು ದಕ್ಷಿಣದ ಪದ್ಧತಿ: ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಅಕ್ಟೋಬರ್‌ನಲ್ಲಿ ಹಣ್ಣು ಹಿಡಿಯಲು. ಅಕ್ಟೋಬರಿನ ಸವರಿಕೆಯು ಈ ಸೀಮೆಯಲ್ಲಿ ಕಷ್ಟದ್ದು. ಚಿತ್ತಾ ಮಳೆಯೂ ಸ್ವಾತಿ ಮಳೆಯೂ ಆಗಲೇ ಬರುವುದರಿಂದ ಎಳೆಯ ಚಿಗುರಿನ ಮೇಲೆ ಬೂಜು ತುಪ್ಪಟ ರೋಗವು ಏಳುತ್ತದೆ. ಮಳೆಯು ಹಿಂದೆಗೆಯುವವರೆಗೆ ಕಾದು ಸವರಿದರೆ ರೋಗವು ಕಡಮೆ. ಆದರೆ ಅರ್ಕಾ ಕಾಂಚನದಂಥ ತಡವಾಗಿ ಮಾಗುವ ತಳಿಯಲ್ಲಿ ಕೊಯ್ಲು ಅಶ್ವಿನಿ ಮಳೆಗೆ ಸಿಕ್ಕಿ ಕಾಯಿ ಒಡೆಯುವ ಭಯವುಂಟು. ಆದುದರಿಂದ ತಳಿಯನ್ನು ಆರಿಸುವಾಗ ಅದು ಮಾಗಲು ಎಷ್ಟು ದಿನ ಬೇಕೆಂಬುದನ್ನು ಕೇಳಿ, ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸಬೇಕು.

ರೋಗಕ್ಕೆ ಔಷಧವು ಮನೆಯಲ್ಲಿಯೇ ಇದೆ. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಕೋಲ್ಮನ್ನರು ಪ್ರಚಾರಕ್ಕೆ ತಂದ ಬೋರ್ಡೋ ದ್ರಾವಣವು ಮೂಲತಃ ದ್ರಾಕ್ಷಿಯ ಔಷಧ. ಬೋರ್ಡೋ ಎಂಬುದು ಫ್ರಾನ್ಸಿನ ದ್ರಾಕ್ಷಿಯ ಸೀಮೆ. ಅಲ್ಲಿನ ಮಿಲಾರ್ದೆ ಎಂಬ ಪಂಡಿತರು 1885 ರಲ್ಲಿ ಇದನ್ನು ಬೂಜು ತುಪ್ಪಟ ರೋಗಕ್ಕೆಂದು ಪ್ರಕಟಿಸಿದರು. ಸೀಮೆಯ ಹೆಸರೊಂದು ಔಷಧದ ಹೆಸರಾಗಿ ನಮ್ಮ ಅಡಿಕೆ ತೋಟಗಳಿಗೆ ಬಂದಿದೆ. ಶೇಕಡಾ 1 ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ತಿಳಿಯಬೇಕು.

ಸಸಿಯನ್ನು ಕೊಳ್ಳುವಾಗ ಎಲೆಯಿಲ್ಲದ ಕಡ್ಡಿಗಳನ್ನು ಮಾತಿನ ಮೇಲೆ ನಂಬಿ ತೆಗೆದುಕೊಳ್ಳಬಾರದು. ಒಣಕಡ್ಡಿಯಲ್ಲಿ ಅರ್ಕಾ ತೃಷ್ಣಾ ಯಾವುದು, ಅರ್ಕಾ ಶ್ವೇತಾ ಯಾವುದು ಎಂದು ಗುರುತಿಸುವುದು ಬಲ್ಲವರಿಗೂ ಕಷ್ಟ. ಸಂಶೋಧನಾ ಸಂಸ್ಥೆಯಿಂದಲೋ, ಹಣ್ಣು ಬಿಟ್ಟಿರುವ ತೋಟವನ್ನು ಸ್ವತಃ ಕಂಡು ಬಳ್ಳಿಗೆ ಗುರುತು ಕಟ್ಟಿಸಿಯೋ ತರಬೇಕು. ಡಾಗ್‌ರಿಡ್ಜ್ ಮುಂತಾದ ಬೇರುಗಿಡದ ಮೇಲೆ ಕಸಿಮಾಡಿದ್ದಾದರೆ ಬೇರಿನ ಹೆಸರನ್ನೂ ಮೇಲಿನ ತಳಿಯ ಹೆಸರನ್ನೂ ರಸೀತಿಯಲ್ಲಿ ಬೇರೆ ಬೇರೆ ಬರೆಯಿಸಬೇಕು. ಗ್ರಾಮದ ಮುಖಂಡರು ನಾಲ್ಕಾರು ಮನೆಯವರ ಪರವಾಗಿ ಒಟ್ಟಿಗೆ ತರಿಸುವುದಾದರೆ ಆ ರಸೀತಿಯ ನಕಲನ್ನು ಪ್ರತಿಯೊಬ್ಬರಿಗೂ ಕೊಡತಕ್ಕದ್ದು.

ಕೊನೆಯದಾಗಿ ಇನ್ನೊಂದು ಅಕಾರವಿದೆ; ಅದು ಅಬಕಾರಿ. ರಾಜ್ಯವು 2007 ರಲ್ಲಿ ದ್ರಾಕ್ಷಾರಸದ ನೀತಿಯನ್ನು ಹೊರಡಿಸಿ ಈ ಉದ್ಯಮಕ್ಕೆ ಉತ್ತೇಜನ ಕೊಟ್ಟಿರುವುದು ನಿಜ. ಆದರೆ ಹಣ್ಣನ್ನು ಬೆಳೆಯಲು ಯಾರ ಅಪ್ಪಣೆಯೂ ಬೇಡವಾದರೂ, ಅದನ್ನು ಹುದುಗಿಸಿ ಮಾರುವುದಕ್ಕೆ ಪರವಾನಗಿಯು ಬೇಕೇ ಬೇಕು. ಮಾರಾಟವಾಗದೆ ಉಳಿದ ಹಣ್ಣನ್ನು ಹಂಡೆಗೆ ಹಾಕಿ ನಷ್ಟವನ್ನು ತುಂಬಿಕೊಳ್ಳಬಹುದೆಂದು ಹೇಳಿಕೊಡುವವರ ಮಾತಿಗೆ ಕಿವಿಗೊಡತಕ್ಕದ್ದಲ್ಲ.