ಯುವಜನರ ಅಧ್ಯಯನ ಪಾಠ: ಈ ಕಲ್ಲುಗಳ ಅರ್ಥವೇನು?

ಓದಿಕೊಂಡು ಬನ್ನಿ: ಯೆಹೋಶುವ 4:1-9, ಪ್ರೇಷಿತರ ಕಾರ್ಯಕಲಾಪಗಳು 17:16-34



ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದ ಮೇಲೆ ಅದರೊಳಗಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದರು. ಮುಂದೆ ಮಕ್ಕಳು ಅವುಗಳ ಅರ್ಥ ಕೇಳಿದಾಗ, ದೇವರು ಮಾಡಿದ ಉಪಕಾರವನ್ನು ಹಿರಿಯರು ವಿವರಿಸಬೇಕಿತ್ತು. ಕಲ್ಲು ಉಳಿದರೆ ಸಾಲದು, ಅದರ ಅರ್ಥ ಬಲ್ಲವರೂ ಉಳಿಯಬೇಕು.

ನಮ್ಮ ಸೀಮೆಯಲ್ಲೂ ನೆನಪಿನ ಕಲ್ಲುಗಳಿವೆ. ಮಡಕಶಿರಾ ಕಡೆಯ ಅಮರಾಪುರಂ ಮಂಡಲದ ಹೇಮಾವತಿಗೆ ಶಾಸನಗಳಲ್ಲಿರುವ ಹೆಸರು ಹೆಂಜೇರು. ಸಾವಿರ ವರ್ಷಗಳ ಹಿಂದೆ ಅದು ನೊಳಂಬ ಪಲ್ಲವರ ರಾಜಧಾನಿ. ಅಲ್ಲಿಯ ದೊಡ್ಡೇಶ್ವರ ದೇವಸ್ಥಾನದ ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಒಂದೇ ಚಪ್ಪಡಿಯಲ್ಲಿ ಮೂರ್ತಿಯನ್ನೂ ಬೆಳಕಿಗೆ ಕಂಡಿಗಳನ್ನೂ ಕೊರೆದಿದ್ದಾರೆ. ಚೋಳರು ನೊಳಂಬವಾಡಿಯನ್ನು ಗೆದ್ದು ಸಾಗಿಸಿದ ಕೆತ್ತನೆಯ ಕಂಬಗಳು ಇಂದಿಗೂ ತಮಿಳುನಾಡಿನ ತಿರುವೈಯಾರಿನಲ್ಲಿವೆ.

ಹೊಲದ ಬದುಗಳಲ್ಲಿ ಕಾಣುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಪ್ರಾಣ ಕೊಟ್ಟವರಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಜೈನರು ವ್ರತ ಹಿಡಿದು, ಅನ್ನನೀರು ಬಿಟ್ಟು ದೇಹ ತೊರೆದವರಿಗೆ ನಿಸಿದಿಗಲ್ಲು ನೆಡುತ್ತಿದ್ದರು. ರಾಯದುರ್ಗದ ಬೆಟ್ಟದಲ್ಲಿ ಬಂಡೆಗೆ ಕೆತ್ತಿದ ಜೈನ ಶಿಲ್ಪಗಳಿವೆ.

ಅನ್ಯಧರ್ಮದ ಕಲ್ಲಿನಿಂದ ನಮಗೇನು ಎಂದು ಕೆಲವರು ಕೇಳಬಹುದು. ಸಂತ ಪೌಲರನ್ನು ನೋಡಿ. ಅಥೆನ್ಸಿನ ವಿಗ್ರಹಗಳನ್ನು ಕಂಡು ಅವರ ಮನಸ್ಸು ಕುದಿಯಿತು. ಆದರೂ ಅವರು ಒಂದನ್ನೂ ಒಡೆಯಲಿಲ್ಲ. ಊರೆಲ್ಲ ಸುತ್ತಿ, ಒಂದು ಬಲಿಪೀಠದ ಮೇಲಿನ ಬರಹವನ್ನು ಓದಿ, ಅಲ್ಲಿಂದಲೇ ಶುಭಸಂದೇಶವನ್ನು ಆರಂಭಿಸಿದರು. ಓದದೆ ಹೋಗಿದ್ದರೆ ಆ ಮಾತಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಅನ್ಯಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ನಾವು ಆ ಕಲ್ಲುಗಳನ್ನು ಪೂಜಿಸುವುದಿಲ್ಲ. ಅವನ್ನು ಹೀನಾಯವಾಗಿ ಕಾಣುವ ಹಕ್ಕೂ ನಮಗಿಲ್ಲ.

ಇನ್ನೊಂದು ಮಾತು. ಹೇಮಾವತಿಯ ಶಾಸನಗಳು ಕನ್ನಡದವು. ಆ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿಯುವ ನಮ್ಮ ಮಕ್ಕಳು ಎರಡಕ್ಕೂ ವಾರಸುದಾರರು. ಒಂದನ್ನು ಮರೆತರೆ ಅರ್ಧ ನೆನಪು ಹೋದಂತೆ. ಶಾಸನಕ್ಕೆ ಬಣ್ಣ ಬಳಿಯಬೇಡಿ, ಹೆಸರು ಕೊರೆಯಬೇಡಿ, ನಿಧಿಯ ಆಸೆಗೆ ಅಗೆಯುವವರ ಜೊತೆ ಸೇರಬೇಡಿ.

ಚರ್ಚೆಗೆ:
1. ನಿಮ್ಮ ಊರಿನಲ್ಲಿ ಯಾವ ಹಳೆಯ ಕಲ್ಲಿದೆ? ಅದರ ಕಥೆ ಬಲ್ಲ ಹಿರಿಯರು ಯಾರು?
2. ಗೌರವಕ್ಕೂ ಆರಾಧನೆಗೂ ಇರುವ ವ್ಯತ್ಯಾಸವೇನು?
3. ನಮ್ಮ ಮಕ್ಕಳು ನಮ್ಮ ಬಲಿಪೀಠದ ಅರ್ಥ ಕೇಳಿದರೆ ನಾವು ಏನು ಹೇಳುತ್ತೇವೆ?