ಮಷೀನ್ ಹಿಡಿದವನಿಗೆ ಮಷೀನ್ ಬರುತ್ತದೆಯೇ?

ಸೈಟ್‌ಗೆ ಹೊಸದಾಗಿ ಬಂದ ಟೈಲ್ಸ್ ಕೆಲಸಗಾರನನ್ನು ‘ಗ್ರೈಂಡರ್ ಹಿಡಿಯೋಕೆ ಬರುತ್ತೇನಪ್ಪ?’ ಎಂದು ಕೇಳಿ ನೋಡಿ. ‘ಹತ್ತು ವರ್ಷದಿಂದ ಇದೇ ಕೆಲಸ ಸಾರ್’ ಎನ್ನುತ್ತಾನೆ. ಪಕ್ಕದಲ್ಲಿ ಮೇಸ್ತ್ರಿ ತಲೆಯಾಡಿಸುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಆದರೆ ಗಾರ್ಡ್ ಬಿಚ್ಚಿಟ್ಟು ಹತ್ತು ವರ್ಷ ಕತ್ತರಿಸಿದವನೂ ಹೇಳುವುದು ಇದೇ ಮಾತನ್ನು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದನ್ನು ಒಪ್ಪಿಸುವ ಮುನ್ನ ಮಾತು ಕೇಳಿದರೆ ಸಾಲದು, ಕೈ ನೋಡಬೇಕು. ಮನೆ ಕಟ್ಟಿಸುವವರೂ ಸಣ್ಣ ಗುತ್ತಿಗೆದಾರರೂ ಇದನ್ನು ಸೈಟ್‌ನಲ್ಲೇ ಮಾಡಬಹುದು.

1. ಮಷೀನ್‌ವಾರು ಪಟ್ಟಿ ಮಾಡಿ

ಗ್ರೈಂಡರ್, ಮಾರ್ಬಲ್ ಕಟರ್, ಹ್ಯಾಮರ್ ಡ್ರಿಲ್, ಬ್ರೇಕರ್, ಮರ ಕೊಯ್ಯುವ ಗರಗಸ – ಒಂದೊಂದಕ್ಕೂ ಬೇರೆ ಪರೀಕ್ಷೆ. ಡ್ರಿಲ್ ಬಲ್ಲವನಿಗೆ ಗ್ರೈಂಡರ್ ಬಂದೇ ಬರುತ್ತದೆ ಎಂದುಕೊಳ್ಳಬೇಡಿ. ಪರೀಕ್ಷಿಸುವವರು ಆ ಮಷೀನ್ ಬಲ್ಲವರಾಗಿರಲಿ. ಆಳನ್ನು ಕರೆತಂದ ಮೇಸ್ತ್ರಿಯೇ ಪರೀಕ್ಷಕನಾಗುವುದು ಬೇಡ.

2. ಪ್ಲಗ್ ಹಾಕುವ ಮುನ್ನ ನೋಡಿಸಿ

ಪ್ಲಗ್ ತೆಗೆದ ಮಷೀನ್ ಕೈಗೆ ಕೊಟ್ಟು ಸುಮ್ಮನೆ ನಿಲ್ಲಿ. ವೈರ್ ಸುಲಿದಿದೆಯೇ, ಗಾರ್ಡ್ ಮತ್ತು ಪಕ್ಕದ ಹಿಡಿ ಬಿಗಿಯಾಗಿವೆಯೇ, ಸ್ವಿಚ್ ಸಿಕ್ಕಿಕೊಳ್ಳುತ್ತಿದೆಯೇ ಎಂದು ಅವನೇ ನೋಡಬೇಕು. ಜೊತೆಗೆ ನಾಲ್ಕು ಬ್ಲೇಡ್ ಇಡಿ: ಅಂಚು ಒಡೆದದ್ದು, ಅವಧಿ ಮುಗಿದ ಕಬ್ಬಿಣದ ಕಟಿಂಗ್ ವೀಲ್, ಮರ ಕೊಯ್ಯುವ ಹಲ್ಲಿನ ಬ್ಲೇಡ್, ಸರಿಯಾದ ಡೈಮಂಡ್ ಬ್ಲೇಡ್. ಮೊದಲ ಮೂರನ್ನು ಪಕ್ಕಕ್ಕೆ ಸರಿಸಿ, ಏಕೆಂದು ಹೇಳಬೇಕು. ಬ್ಲೇಡ್ ಮೇಲೆ ಬರೆದಿರುವ ಸುತ್ತಿನ ಸಂಖ್ಯೆ ಮಷೀನ್‌ನದಕ್ಕಿಂತ ಕಡಿಮೆಯಿದ್ದರೆ ಅದು ಸಿಡಿಯಬಹುದು. ಇದು ಗೊತ್ತಿಲ್ಲದವನು ಇನ್ನೂ ಕಲಿಯಬೇಕು.

3. ಬ್ಲೇಡ್ ಹಾಕಿಸಿ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿರಬೇಕು. ಸ್ಪ್ಯಾನರ್‌ನಿಂದ ಬಿಗಿದು, ಗಾರ್ಡನ್ನು ತನ್ನ ಕಡೆಗೆ ತಿರುಗಿಸಿ, ಬ್ಲೇಡ್‌ನ ನೇರಕ್ಕೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಸುಮಾರು ಒಂದು ನಿಮಿಷ ಖಾಲಿ ಓಡಿಸಲಿ.

4. ಒಡೆದ ಟೈಲ್ ಕೊಟ್ಟು ಕತ್ತರಿಸಲು ಹೇಳಿ

ಇಲ್ಲಿ ಕಣ್ಣು ನೆಡಬೇಕಾದ್ದು ಟೈಲ್ ಎಷ್ಟು ನೀಟಾಗಿ ತುಂಡಾಯಿತು ಎಂಬುದರ ಮೇಲಲ್ಲ, ದೇಹ ಎಲ್ಲಿತ್ತು ಎಂಬುದರ ಮೇಲೆ.

• ಟೈಲನ್ನು ಕಾಲಿನಡಿ ಒತ್ತಿ ಹಿಡಿದನೇ, ಕ್ಲ್ಯಾಂಪ್ ಹಾಕಿದನೇ?
• ಎರಡೂ ಕೈ ಮಷೀನ್ ಮೇಲಿದ್ದವೇ?
• ಮುಖ ಬ್ಲೇಡ್‌ನ ನೇರದಿಂದ ಆಚೆಗಿತ್ತೇ?
• ಕನ್ನಡಕ, ದೂಳಿನ ಮಾಸ್ಕ್ ಹಾಕಿದನೇ? ಹೆಗಲ ಟವೆಲ್ ತೆಗೆದಿಟ್ಟನೇ?
• ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಮಷೀನ್ ಕೆಳಗಿಟ್ಟನೇ?

ಮಾಸ್ಕ್ ತೋರಿಕೆಗಲ್ಲ. ಕಲ್ಲು, ಟೈಲ್, ಕಾಂಕ್ರೀಟ್ ಕೊಯ್ದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಹ್ಯಾಮರ್ ಡ್ರಿಲ್ ಆದರೆ ಇನ್ನೊಂದು ಅಂಶ: ಗೋಡೆಯೊಳಗೆ ವೈರ್ ಅಥವಾ ಪೈಪ್ ಹೋಗಿದೆಯೇ ಎಂದು ಅವನು ಮೊದಲೇ ವಿಚಾರಿಸಬೇಕು.

5. ಮೂರು ಪ್ರಶ್ನೆ ಕೇಳಿ

ಬ್ಲೇಡ್ ಸಿಕ್ಕಿಕೊಂಡರೆ ಏನು ಮಾಡುತ್ತೀಯ? ನೆಲ ಒದ್ದೆಯಾಗಿದ್ದರೆ? ಮೇಸ್ತ್ರಿ ಗಾರ್ಡ್ ತೆಗಿ ಎಂದರೆ? ರಾಯಚೂರಿನವನಾಗಲಿ ಬಿಹಾರದವನಾಗಲಿ, ಅವನ ಮಾತಿನಲ್ಲೇ ಕೇಳಿ, ಬರವಣಿಗೆ ಬೇಡ. ಮೂರನೇ ಪ್ರಶ್ನೆಗೆ ಅವನು ಮೇಸ್ತ್ರಿಯ ಮುಖ ನೋಡಿದರೆ ತಿದ್ದಬೇಕಾದ್ದು ಮೇಸ್ತ್ರಿಯನ್ನು.

ನಿಮ್ಮ ಪಾಲಿನದನ್ನೂ ನೋಡಿಕೊಳ್ಳಿ. ಸಾಕೆಟ್‌ಗೆ ಬರಿ ವೈರ್ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುವ ಸೈಟ್‌ನಲ್ಲಿ ಎಂಥ ನುರಿತವನೂ ಸುರಕ್ಷಿತನಲ್ಲ. ಸರಿಯಾದ ಪ್ಲಗ್ ಮತ್ತು ಕರೆಂಟ್ ಸೋರಿದೊಡನೆ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.

6. ಬರೆದಿಡಿ

ಒಂದು ಹಾಳೆ ಸಾಕು: ಹೆಸರು, ದಿನಾಂಕ, ಮಷೀನ್, ನೋಡಿದ ಅಂಶಗಳು, ಇಬ್ಬರ ಸಹಿ ಅಥವಾ ಹೆಬ್ಬೆಟ್ಟು. ಫಲಿತಾಂಶ ಮೂರೇ ಬಗೆ – ಒಬ್ಬನೇ ಮಾಡಬಹುದು, ಜೊತೆಗೊಬ್ಬರಿರಬೇಕು, ಇನ್ನೂ ಕಲಿಯಬೇಕು. ಒಂದು ಪ್ರತಿ ಕೆಲಸಗಾರನಿಗೆ ಕೊಡಿ. ಸೈಟ್ ಬದಲಾದರೂ ಅದು ಅವನ ಜೊತೆ ಹೋಗಲಿ. ಬೇರೆ ಮಾದರಿಯ ಮಷೀನ್ ಬಂದಾಗ, ತಿಂಗಳುಗಟ್ಟಲೆ ಬಿಡುವಾದಾಗ, ಕೂದಲೆಳೆಯಲ್ಲಿ ಅಪಾಯ ತಪ್ಪಿದಾಗ ಮತ್ತೆ ಪರೀಕ್ಷಿಸಿ.

ಕಾರ್ಡ್ ಇದ್ದರೆ ಸಾಕೇ?

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಸವಲತ್ತು ಪಡೆಯಲು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದಕ್ಕೆ ನೋಂದಾಯಿಸಬಹುದು. ಕೌಶಲಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಆರ್‌ಪಿಎಲ್, ಅಂದರೆ ಪೂರ್ವ ಕಲಿಕೆಗೆ ಮಾನ್ಯತೆ, ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಅದು ಬೆಲೆಯುಳ್ಳದ್ದು. ಆದರೆ ಗಾರೆ, ಟೈಲ್ಸ್ ಎಂದು ಕಸುಬಿಗೆ ಸಿಗುವ ಪತ್ರ ನಿಮ್ಮ ಸೈಟ್‌ನ ಮಷೀನ್‌ಗೆ ಉತ್ತರ ಹೇಳುವುದಿಲ್ಲ. ಪತ್ರ ಇದ್ದವನನ್ನೂ ಒಮ್ಮೆ ನೋಡಿ.

ಪರೀಕ್ಷೆಯಲ್ಲಿ ಎಡವಿದವನನ್ನು ಬಲ್ಲವರ ಪಕ್ಕ ಎರಡು ದಿನ ನಿಲ್ಲಿಸಿ, ಕೂಲಿ ಮಾತ್ರ ಹಿಡಿಯಬೇಡಿ. ಹಿಡಿದರೆ ನಾಳೆ ಬರುವವನು ತನಗೆ ಗೊತ್ತಿಲ್ಲ ಎಂದು ಬಾಯಿಬಿಡುವುದೇ ಇಲ್ಲ.